ಕೆಗ್‌ನಲ್ಲಿ ಬಿಯರ್ ಸಪ್ಪೆಯಾದರೆ ಮೊದಲು ಸಕ್ಕರೆ ಡಬ್ಬಿ ಮುಟ್ಟಬೇಡಿ

ಮನೆಯಲ್ಲೇ ಮಾಡಿದ ಬಿಯರನ್ನು ಕೆಗ್‌ಗೆ, ಅಂದರೆ ಟ್ಯಾಪ್ ಇರುವ ಪೀಪಾಯಿಗೆ, ತುಂಬಿ ಚೂರು ಸಕ್ಕರೆ ಹಾಕಿ ಮುಚ್ಚಿಟ್ಟಿದ್ದೆ. ಯೀಸ್ಟ್ ಆ ಸಕ್ಕರೆ ತಿಂದು ಬಿಡುವ ಗ್ಯಾಸೇ ಬಿಯರಿಗೆ ಗುಳ್ಳೆ ಕೊಡಬೇಕು. ಎರಡು ವಾರ ಕಾದು ಟ್ಯಾಪ್ ತೆರೆದೆ. ಗ್ಲಾಸಿಗೆ ಬಿದ್ದದ್ದು ಕಂದು ಬಣ್ಣದ ನೀರು. ನೊರೆ ಇಲ್ಲ, ಗುಳ್ಳೆ ಇಲ್ಲ. 5 ಲೀಟರಿನ ತಗಡಿನ ಕೆಗ್ ಅದು. ಸಕ್ಕರೆ ಕಡಿಮೆಯಾಯಿತೇನೋ ಅಂದುಕೊಂಡು ಇನ್ನೊಂದು 30 ಗ್ರಾಂ ಕರಗಿಸಿ ಸುರಿದೆ. ಮುಚ್ಚಿ, ಈ ಸಲ ಬೆಚ್ಚಗಿನ ಕೋಣೆಯಲ್ಲಿಟ್ಟೆ. ಹತ್ತು ದಿನ ಬಿಟ್ಟು ನೋಡಿದರೆ ಕೆಗ್‌ನ ತಳ ಹೊಟ್ಟೆ ಬಂದಂತೆ ಉಬ್ಬಿತ್ತು. ನೆಟ್ಟಗೆ ನಿಲ್ಲುತ್ತಿರಲಿಲ್ಲ, ನಿಲ್ಲುವ ಹೊತ್ತಿನ ಬುಗುರಿಯಂತೆ ವಾಲುತ್ತಿತ್ತು.

ಮೊದಲು ಹಾಕಿದ ಸಕ್ಕರೆ ಎಲ್ಲೂ ಹೋಗಿರಲಿಲ್ಲ. ಕೋಣೆ ತಣ್ಣಗಿತ್ತು, ಯೀಸ್ಟ್ ಮಲಗಿತ್ತು, ಅಷ್ಟೇ. ಬೆಚ್ಚಗಾದ ಮೇಲೆ ಎದ್ದು ಎರಡೂ ಕಂತನ್ನು ಒಟ್ಟಿಗೆ ತಿಂದಿತು.

ಸಪ್ಪೆ ಬಿಯರ್ ಅನ್ನುವುದು ಒಂದೇ ದೋಷವಲ್ಲ. ಗ್ಯಾಸ್ ಹುಟ್ಟಿಯೇ ಇಲ್ಲದಿರಬಹುದು. ಹುಟ್ಟಿ ತಪ್ಪಿಸಿಕೊಂಡಿರಬಹುದು. ಅಥವಾ ಒಳಗೇ ಇದ್ದು ಗ್ಲಾಸಿಗೆ ಬರುವಷ್ಟರಲ್ಲಿ ಹಾರಿಹೋಗುತ್ತಿರಬಹುದು. ಗ್ಲಾಸಿನಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಔಷಧಿ ಮಾತ್ರ ಬೇರೆ ಬೇರೆ. ಯಾವುದು ಅಂತ ಗೊತ್ತಾಗುವ ಮೊದಲು ಸಕ್ಕರೆ ಸುರಿದರೆ ನನ್ನ ಕೆಗ್‌ನ ಗತಿಯೇ ನಿಮ್ಮದಕ್ಕೂ.

ಬೇಕಾಗುವ ಮೂರು ವಸ್ತುಗಳು

ಒಂದು ಪ್ರೆಶರ್ ಗೇಜ್, ಒಂದು ಹೈಡ್ರೋಮೀಟರ್ (ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಕೊಳವೆ), ಒಂದಿಷ್ಟು ಸೋಪು ನೀರು. ಕಾರ್ನಿ ಕೆಗ್ (ಮುಚ್ಚಳ ತೆಗೆದು ಹಾಕಬಹುದಾದ ಸ್ಟೀಲ್ ಕೆಗ್) ಇದ್ದರೆ ಗ್ಯಾಸ್ ಪೋಸ್ಟಿಗೆ, ಅಂದರೆ ಗ್ಯಾಸ್ ಒಳಹೋಗುವ ಮೂತಿಗೆ, ಸಿಕ್ಕಿಸುವ ಕನೆಕ್ಟರಿನ ಮೇಲೇ ಕೂರುವ ಪುಟ್ಟ ಗೇಜ್ ಸಿಗುತ್ತದೆ. ಮೊದಲು ಅದನ್ನು ಕೊಳ್ಳಿ. ತಗಡಿನ ಕೆಗ್‌ಗೆ ಗೇಜ್ ಹಾಕುವುದು ಸುಲಭವಲ್ಲ. ಅಲ್ಲಿ ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದೇ ಗೇಜ್. ಒತ್ತಿದರೆ ಟಕ್ ಅಂತ ಒಳಗೆ ಹೋದರೆ ಪ್ರೆಶರ್ ಇಲ್ಲ. ಕಲ್ಲಿನಂತಿದ್ದರೆ ಇದೆ. ಹೊರಗೆ ಉಬ್ಬಿದ್ದರೆ ಮುಂದೆ ಬರುವ ಉಬ್ಬಿದ ಕೆಗ್ ಭಾಗಕ್ಕೆ ಹೋಗಿ, ಇದನ್ನು ಆಮೇಲೆ ಓದಿ.

ಗೇಜ್ ಓದುವಾಗ ಬಿಯರ್ ಎಷ್ಟು ತಣ್ಣಗಿದೆ ಅಂತಲೂ ನೋಡಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ. ಬಿಯರಿನಲ್ಲಿ ಕರಗಿರುವ ಗ್ಯಾಸನ್ನು ವಾಲ್ಯೂಮ್‌ನಲ್ಲಿ ಹೇಳುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಎಷ್ಟು ಲೀಟರ್ ಕಾರ್ಬನ್ ಡೈಆಕ್ಸೈಡ್ ಕರಗಿದೆ ಅನ್ನುವ ಲೆಕ್ಕ ಅದು. ಮಾಮೂಲಿ ಏಲ್‌ಗೆ (ಬೆಚ್ಚಗೆ ಹುದುಗುವ ಬಿಯರ್) 2.4 ಇದ್ದರೆ ಚೆನ್ನ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 2.4 ಇದ್ದರೆ ಗೇಜ್ ಸುಮಾರು 11 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತದೆ. ಅದೇ ಬಿಯರ್ 20 ಡಿಗ್ರಿಯಲ್ಲಿ 26 ಪಿಎಸ್‌ಐ ತೋರಿಸುತ್ತದೆ. ಕೋಣೆಯಲ್ಲಿಟ್ಟ ಕೆಗ್ 11 ತೋರಿಸಿದರೆ ಖುಷಿಪಡಬೇಡಿ, ಅದು 1.5 ವಾಲ್ಯೂಮ್ ಕೂಡ ಅಲ್ಲ. ಅರ್ಧ ದಾರಿಯಲ್ಲಿದ್ದೀರಿ.

ಗೇಜನ್ನು ಸಿಕ್ಕಿಸಿ, ಓದಿ, ತೆಗೆದುಬಿಡಿ. ದಿನಗಟ್ಟಲೆ ಅಲ್ಲೇ ಬಿಟ್ಟರೆ ಗೇಜಿನ ಸಂದಿಯಿಂದಲೇ ಗ್ಯಾಸ್ ಸೋರಬಹುದು. ಆಮೇಲೆ ನೀವು ಮುಚ್ಚಳವನ್ನು ಬೈಯುತ್ತಾ ಕೂರುತ್ತೀರಿ.

ಎರಡು ವಾರವಾಯಿತು, ಗೇಜಿನ ಮುಳ್ಳು ಮೇಲೇಳಲಿಲ್ಲ

20 ಡಿಗ್ರಿಯಲ್ಲಿ ಇಟ್ಟಿದ್ದರೆ ನಾಲ್ಕೈದು ದಿನಕ್ಕೆ ಮುಳ್ಳು ಅಲುಗಾಡಿರಬೇಕು. ಎರಡು ವಾರಕ್ಕೆ ಏರಿ ನಿಂತಿರಬೇಕು. ಏರಿಲ್ಲ ಅಂದರೆ ಒಂದೋ ಯೀಸ್ಟ್ ಸಕ್ಕರೆ ತಿಂದಿಲ್ಲ, ಇಲ್ಲವೇ ತಿಂದು ಬಿಟ್ಟ ಗ್ಯಾಸ್ ಹೊರಗೆ ಹೋಗಿದೆ. ಇವೆರಡರಲ್ಲಿ ಯಾವುದು ಅಂತ ಹೇಳಬಲ್ಲದ್ದು ಹೈಡ್ರೋಮೀಟರ್.

ಒಂದು ಗ್ಲಾಸ್ ಬಿಯರ್ ತೆಗೆದುಕೊಳ್ಳಿ. ಇರುವ ಅಷ್ಟಿಷ್ಟು ಗ್ಯಾಸೂ ಹೋಗಲಿ ಅಂತ ಎರಡು ಲೋಟಗಳ ನಡುವೆ ಹತ್ತಾರು ಸಲ ಮಗುಚಿ. ಗುಳ್ಳೆ ಉಳಿದರೆ ಹೈಡ್ರೋಮೀಟರ್ ತೇಲಿ ಸುಳ್ಳು ಹೇಳುತ್ತದೆ. ಕೆಗ್‌ಗೆ ಹಾಕುವ ಮುಂಚೆ ಬರೆದಿಟ್ಟ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) ಇದೆಯಲ್ವಾ, ಅದಕ್ಕೆ ಹೋಲಿಸಿ. ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿದ್ದರೆ ಗ್ರಾವಿಟಿ ಎರಡು ಪಾಯಿಂಟಿಗಿಂತ ಚೂರು ಜಾಸ್ತಿ ಏರಿರುತ್ತದೆ. ಉದಾಹರಣೆಗೆ 1.010 ಇದ್ದದ್ದು 1.012 ದಾಟಿರುತ್ತದೆ. ಈಗಲೂ ಅಲ್ಲೇ ಇದ್ದರೆ ಸಕ್ಕರೆ ಹಾಗೇ ಕೂತಿದೆ, ಯೀಸ್ಟ್ ಕೆಲಸ ಮಾಡಿಲ್ಲ. 1.010ಕ್ಕೆ ಇಳಿದಿದ್ದರೆ ಯೀಸ್ಟ್ ತನ್ನ ಕೆಲಸ ಮುಗಿಸಿದೆ, ಸೋರಿದ್ದು ಕೆಗ್. ಎರಡು ಪಾಯಿಂಟಿನ ಆಟವಾದ್ದರಿಂದ ಅದೇ ಹೈಡ್ರೋಮೀಟರ್, ಅದೇ ಉಷ್ಣತೆ, ಎರಡು ಸಲ ಓದಿ. ನಾಲಿಗೆಯನ್ನೂ ಕೇಳಬಹುದು, ಸಕ್ಕರೆ ಉಳಿದಿದ್ದರೆ ತೆಳುವಾದ ಸಿಹಿ ಸಿಗುತ್ತದೆ. ಆದರೆ ಮಾಲ್ಟ್ ಜಾಸ್ತಿಯಿರುವ ಬಿಯರಿನಲ್ಲಿ ನಾಲಿಗೆ ನಂಬುವಂಥದ್ದಲ್ಲ.

ಅವತ್ತು ಈ ಐದು ನಿಮಿಷದ ಕೆಲಸ ಮಾಡಿದ್ದರೆ ನನ್ನ ಕೆಗ್ ಉಳಿಯುತ್ತಿತ್ತು.

ಸಕ್ಕರೆ ಹಾಗೇ ಇದೆ: ಯೀಸ್ಟ್ ಯಾಕೆ ಏಳಲಿಲ್ಲ

ಹತ್ತರಲ್ಲಿ ಎಂಟು ಸಲ ಕಾರಣ ಚಳಿ. ಏಲ್ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕು. 12 ಡಿಗ್ರಿಯ ನೆಲಮಾಳಿಗೆಯಲ್ಲಿಟ್ಟರೆ ಎರಡು ವಾರದ ಕೆಲಸಕ್ಕೆ ತಿಂಗಳು ಹಿಡಿಯಬಹುದು, ಪೂರ್ತಿ ನಿಂತೂ ಹೋಗಬಹುದು. ಕೆಗ್ ನೇರವಾಗಿ ಕಲ್ಲಿನ ನೆಲದ ಮೇಲಿದ್ದರೆ ಕೋಣೆಯ ಗಾಳಿಗಿಂತ ಬಿಯರ್ ತಣ್ಣಗಿರುತ್ತದೆ, ಗೋಡೆಯ ಥರ್ಮಾಮೀಟರ್ ನೋಡಿ ಮೋಸ ಹೋಗಬೇಡಿ. ಕೆಗ್ ಕೆಳಗೆ ಹಲಗೆ ಇಡಿ, ಬೆಚ್ಚಗಿನ ಜಾಗಕ್ಕೆ ಸರಿಸಿ, ದಿನಕ್ಕೊಮ್ಮೆ ಮೆಲ್ಲಗೆ ಅಡ್ಡ ಮಲಗಿಸಿ ಉರುಳಿಸಿ. ತಳದಲ್ಲಿ ಕೂತ ಯೀಸ್ಟ್ ಮತ್ತೆ ಬಿಯರಿನಲ್ಲಿ ಬೆರೆಯುತ್ತದೆ. ಒಂದು ವಾರ ಕಾಯಿರಿ. ಸಕ್ಕರೆ ಮಾತ್ರ ಮುಟ್ಟಬೇಡಿ.

ಬೆಚ್ಚಗಿದ್ದೂ ಏಳದಿದ್ದರೆ ಯೀಸ್ಟೇ ಉಳಿದಿಲ್ಲ, ಅಥವಾ ಸುಸ್ತಾಗಿದೆ. ತಿಂಗಳುಗಟ್ಟಲೆ ತಣ್ಣಗಿಟ್ಟ ಲಾಗರ್, ಜೆಲಟಿನ್ ಹಾಕಿ ತಿಳಿಯಾಗಿಸಿದ ಬಿಯರ್, ಆಲ್ಕೋಹಾಲ್ 9 ಪರ್ಸೆಂಟ್ ದಾಟಿದ ಗಟ್ಟಿ ಬಿಯರ್, ಇವುಗಳಲ್ಲಿ ಹೀಗಾಗುತ್ತದೆ. ಹೊಸ ಒಣ ಯೀಸ್ಟ್ ಹಾಕಿ. 5 ಲೀಟರಿಗೆ ಅರ್ಧ ಗ್ರಾಂ ಸಾಕು, 19 ಲೀಟರಿಗೆ ಎರಡು ಗ್ರಾಂ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ ಹಾಕಿ. ಒಣ ಪುಡಿಯನ್ನು ನೇರವಾಗಿ ಉದುರಿಸಿದರೆ, ಇರುವ ಚೂರು ಗ್ಯಾಸೂ ನೊರೆಯಾಗಿ ಉಕ್ಕುತ್ತದೆ. ಆಲ್ಕೋಹಾಲ್ ತುಂಬ ಜಾಸ್ತಿ ಇರುವ ಬಿಯರಿಗೆ ಶಾಂಪೇನ್ ಯೀಸ್ಟ್ ಒಳ್ಳೆಯದು.

ಒಂದೇ ಬ್ಯಾಚನ್ನು ಮೂರ್ನಾಲ್ಕು ಚಿಕ್ಕ ಕೆಗ್‌ಗಳಿಗೆ ಹಂಚುವವರಿಗೆ ಇನ್ನೊಂದು ತೊಂದರೆ ಉಂಟು. ಒಂದು ಕೆಗ್ ಸಪ್ಪೆ, ಪಕ್ಕದ್ದು ರಾಕೆಟ್. ಸಕ್ಕರೆ ಪಾಕ ಬಿಯರಿಗಿಂತ ಭಾರ, ಬಕೆಟ್ಟಿನ ತಳದಲ್ಲಿ ಕೂತುಬಿಟ್ಟಿದೆ. ಬಕೆಟ್ಟಿಗೆ ಮೊದಲು ಪಾಕ ಹಾಕಿ, ಅದರ ಮೇಲೆ ಬಿಯರ್ ಸುತ್ತುತ್ತಾ ಬೀಳುವಂತೆ ಇಳಿಸಿ. ನಾನಂತೂ ಈಗ ಪ್ರತಿ ಕೆಗ್‌ಗೂ ಬೇರೆಯಾಗಿ ತೂಗಿ ಹಾಕುತ್ತೇನೆ.

ಸಕ್ಕರೆ ಮುಗಿದಿದೆ: ಗ್ಯಾಸ್ ಎಲ್ಲಿ ಹೋಯಿತು

ಕಾರ್ನಿ ಕೆಗ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲು ಉತ್ತರ ಮುಚ್ಚಳ.

ಇದರ ಮುಚ್ಚಳ ಒಳಗಿನಿಂದ ಕೂರುವಂಥದ್ದು, ಒಳಮುಚ್ಚಳದ ಕುಕ್ಕರಿನಂತೆ. ಒಳಗಿನ ಒತ್ತಡವೇ ಮುಚ್ಚಳವನ್ನು ಮೇಲಕ್ಕೆ ತಳ್ಳಿ ರಬ್ಬರ್ ರಿಂಗನ್ನು ಬಾಯಿಗೆ ಅದುಮಬೇಕು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಿಂದ ಗ್ಯಾಸ್ ತುಂಬುವವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದೇ ಏಟಿಗೆ 30 ಪಿಎಸ್‌ಐ ಬಂದು ಮುಚ್ಚಳ ಗಪ್ಪಂತ ಕೂರುತ್ತದೆ. ಯೀಸ್ಟ್ ಹಾಗಲ್ಲ. ಅದು ಗ್ಯಾಸ್ ಬಿಡುವುದು ಮೆಲ್ಲಮೆಲ್ಲಗೆ. ರಿಂಗನ್ನು ಅದುಮುವಷ್ಟು ಒತ್ತಡ ಸೇರುವ ಮೊದಲೇ ಹುಟ್ಟಿದ್ದೆಲ್ಲ ಸಂದಿಯಿಂದ ಸದ್ದಿಲ್ಲದೆ ಹೋಗುತ್ತದೆ. ಒತ್ತಡವಿಲ್ಲದೆ ಮುಚ್ಚಳ ಕೂರುವುದಿಲ್ಲ, ಮುಚ್ಚಳ ಕೂರದೆ ಒತ್ತಡ ಬರುವುದಿಲ್ಲ. ಹೀಗಾಗಿ ಸಿಲಿಂಡರ್ ಗ್ಯಾಸಿನಲ್ಲಿ ವರ್ಷಗಟ್ಟಲೆ ಚೆನ್ನಾಗಿ ನಡೆದ ಕೆಗ್ಗೇ ಸಕ್ಕರೆ ಹಾಕಿದಾಗ ಕೈಕೊಡುತ್ತದೆ. "ಈ ಕೆಗ್ ಲೀಕ್ ಇಲ್ಲ, ಮೊನ್ನೆಯವರೆಗೆ ಸರಿಯಿತ್ತು" ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಪರಿಹಾರ ಸುಲಭ. ಸಕ್ಕರೆ ಹಾಕಿ ಮುಚ್ಚಿದ ಕೂಡಲೇ ಸಿಲಿಂಡರಿನಿಂದ 30 ಪಿಎಸ್‌ಐ ಕೊಟ್ಟು ಮುಚ್ಚಳ ಕೂರಿಸಿ. ಪ್ರೆಶರ್ ಬಿಡುವ ವಾಲ್ವನ್ನು ಮೂರ್ನಾಲ್ಕು ಸಲ ಎಳೆದು ಒಳಗಿನ ಗಾಳಿ ಹೊರಹಾಕಿ, ಮತ್ತೆ ತುಂಬಿ ಹಾಗೇ ಬಿಡಿ. ಗಾಳಿ ಹೋದಷ್ಟೂ ಬಿಯರಿನ ರುಚಿ ಹೆಚ್ಚು ದಿನ ಉಳಿಯುತ್ತದೆ. ಸಿಲಿಂಡರ್ ಇಲ್ಲದಿದ್ದರೆ ರಿಂಗಿಗೆ ಆಹಾರ ದರ್ಜೆಯ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಅಡುಗೆ ಎಣ್ಣೆ ಬೇಡ, ನೊರೆ ಸಾಯುತ್ತದೆ. ಹಳೆಯ ಗಟ್ಟಿಯಾದ ರಿಂಗ್ ತೆಗೆದು ಮೆತ್ತಗಿನ ಸಿಲಿಕಾನ್ ರಿಂಗ್ ಹಾಕಿ. ಮುಚ್ಚಳವನ್ನು ತಿರುಗಿಸಿ ಉಲ್ಟಾ ದಿಕ್ಕಿನಲ್ಲಿ ಕೂರಿಸಿ ನೋಡಿ, ಬಾಯಿ ಚೂರು ಸೊಟ್ಟಗಿದ್ದರೆ ಇಷ್ಟರಲ್ಲೇ ಸರಿಹೋಗುವುದುಂಟು. ಮುಚ್ಚಳದ ಹಿಡಿಯ ಕಾಲುಗಳಿಗಿರುವ ರಬ್ಬರ್ ಬುಡ ಸವೆದಿದ್ದರೆ ಅದರ ಕೆಳಗೆ ತೆಳುವಾದ ತಗಡಿನ ಚೂರು ಕೊಡಿ, ಹಿಡಿ ಬಿಗಿಯಾಗುತ್ತದೆ.

ಮುಚ್ಚಳ ಬಿಟ್ಟರೆ ಸಂಶಯ ಪಡಬೇಕಾದ್ದು ಪ್ರೆಶರ್ ಬಿಡುವ ವಾಲ್ವ್, ಗ್ಯಾಸಿನದು, ಬಿಯರಿನದು ಎರಡು ಪೋಸ್ಟುಗಳ ಕೆಳಗಿನ ಚಿಕ್ಕ ರಿಂಗ್, ಪೋಸ್ಟಿನೊಳಗಿನ ಪಾಪೆಟ್ (ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್). ಎಲ್ಲಕ್ಕೂ ಸೋಪು ನೀರು ಬಿಡಿ. ಪೋಸ್ಟಿನ ಬಾಯೊಳಗೂ ನಾಲ್ಕು ಹನಿ. ಗುಳ್ಳೆ ಏಳುವ ಜಾಗವೇ ಕಳ್ಳ. ಒಳಗೆ ಒತ್ತಡವೇ ಇಲ್ಲದಿದ್ದರೆ ಗುಳ್ಳೆ ಏಳುವುದಿಲ್ಲ, ಹಾಗಾಗಿ ಮೊದಲು 15 ಪಿಎಸ್‌ಐ ಆದರೂ ತುಂಬಿ. ಆಮೇಲೆ ಸೋಪು ಉಳಿಯದಂತೆ ತೊಳೆಯಿರಿ.

ಒಂದು ಮಾತು. ಸಪ್ಪೆ ಬಿಯರ್ ತುಂಬಿದ ಕೆಗ್‌ಗೆ 30 ಪಿಎಸ್‌ಐ ಕೊಟ್ಟು, ಸಿಲಿಂಡರ್ ತೆಗೆದು, ಮಾರನೇ ದಿನ ಗೇಜ್ 15ಕ್ಕೆ ಇಳಿದದ್ದನ್ನು ನೋಡಿ ಲೀಕ್ ಅಂತ ತೀರ್ಮಾನಿಸಬೇಡಿ. ಆ ಗ್ಯಾಸ್ ಬಿಯರಿನಲ್ಲಿ ಕರಗಿರುತ್ತದೆ. ತುಂಬಿದ ಕೆಗ್‌ನಲ್ಲಿ ನಂಬಬೇಕಾದ್ದು ಸೋಪಿನ ಗುಳ್ಳೆಯನ್ನು, ಮುಳ್ಳನ್ನಲ್ಲ. ಗೇಜಿನಿಂದ ಲೀಕ್ ನೋಡುವುದಿದ್ದರೆ ಖಾಲಿ ಕೆಗ್‌ನಲ್ಲಿ ನೋಡಿ, ಬಿಯರ್ ತುಂಬುವ ಹಿಂದಿನ ರಾತ್ರಿ.

ಲೀಕ್ ಮುಚ್ಚಿದ ಮೇಲೆ, ಆಗ ಮಾತ್ರ, ಹೊಸದಾಗಿ ಸಕ್ಕರೆ ಹಾಕಿ.

ತಗಡಿನ ಕೆಗ್‌ನಲ್ಲಿ ಇರುವುದೇ ಒಂದು ರಬ್ಬರ್ ಬಿರಡೆ. ಅದು ಒಣಗಿದ್ದರೆ, ಹಿಂದಿನ ಸಲ ಚುಚ್ಚಿದ ಗುರುತಿದ್ದರೆ ಹೊಸದು ಹಾಕಿ. ಬಾಯಿಯ ಸುತ್ತ ತುಕ್ಕು ಕಂಡರೆ ಆ ಕೆಗ್‌ನ ಆಯಸ್ಸು ಮುಗಿಯಿತು.

ಲೀಕೂ ಇಲ್ಲ, ಸಕ್ಕರೆಯೂ ಮುಗಿದಿದೆ, ಆದರೂ ಸಪ್ಪೆ

ಹಾಗಿದ್ದರೆ ಲೆಕ್ಕ ತಪ್ಪಿದೆ. ಮಾಮೂಲಿ ಸಕ್ಕರೆ ಲೀಟರಿಗೆ ಸುಮಾರು 3.8 ಗ್ರಾಂ ಹಾಕಿದರೆ ಒಂದು ವಾಲ್ಯೂಮ್ ಗ್ಯಾಸ್ ಸಿಗುತ್ತದೆ. 20 ಡಿಗ್ರಿಯಲ್ಲಿ ಹುದುಗಿದ ಬಿಯರಿನಲ್ಲಿ ಆಗಲೇ 0.85 ವಾಲ್ಯೂಮ್ ಉಳಿದಿರುತ್ತದೆ. 2.4 ಬೇಕಾದರೆ ಉಳಿದ 1.55ಕ್ಕೆ ಲೀಟರಿಗೆ 6 ಗ್ರಾಂ, 5 ಲೀಟರಿಗೆ 30 ಗ್ರಾಂ. ಡೆಕ್ಸ್ಟ್ರೋಸ್ (ಗ್ಲೂಕೋಸ್ ಪುಡಿ) ಆದರೆ ಹತ್ತು ಪರ್ಸೆಂಟ್ ಜಾಸ್ತಿ ಬೇಕು.

ತಪ್ಪುವುದು ಎಲ್ಲಿ ಅಂದರೆ, ಲೆಕ್ಕ ಹಾಕುವ ಆ್ಯಪ್ ಬಿಯರಿನ ಉಷ್ಣತೆ ಕೇಳುತ್ತದೆ. ಫ್ರಿಜ್ಜಿನಲ್ಲಿಟ್ಟು ತಿಳಿಯಾಗಿಸಿದ ಬಿಯರ್ ಈಗ 4 ಡಿಗ್ರಿ ಇದೆ, ಅದನ್ನೇ ಹಾಕುತ್ತೀರಿ. ಆ್ಯಪ್ ಒಳಗೆ ಆಗಲೇ 1.5 ವಾಲ್ಯೂಮ್ ಇದೆ ಅಂದುಕೊಂಡು ಸಕ್ಕರೆ ಕಡಿಮೆ ಹೇಳುತ್ತದೆ. ನಿಜಕ್ಕೂ ಇರುವುದು 0.85. ಹುದುಗುವುದು ನಿಂತ ಮೇಲೆ ತಣ್ಣಗೆ ಮಾಡಿದರೆ ಹೊಸ ಗ್ಯಾಸ್ ಎಲ್ಲಿಂದ ಬರಬೇಕು? ಕೊನೆಗೆ 1.75ಕ್ಕೇ ನಿಲ್ಲುತ್ತದೆ. ಹುದುಗುವುದು ಮುಗಿದಾಗ ಮತ್ತು ಆಮೇಲೆ ಬಿಯರ್ ಕಂಡ ಅತಿ ಹೆಚ್ಚಿನ ಉಷ್ಣತೆಯನ್ನು ಹಾಕಬೇಕು.

ಇನ್ನೊಂದು, ಅರ್ಧ ತುಂಬಿದ ಕೆಗ್. 19 ಲೀಟರಿನ ಕೆಗ್‌ನಲ್ಲಿ 10 ಲೀಟರ್ ಬಿಯರ್ ಹಾಕಿದರೆ, ಹುಟ್ಟಿದ ಗ್ಯಾಸಿನಲ್ಲಿ ಅರ್ಧದಷ್ಟು ಮೇಲಿನ ಖಾಲಿ ಜಾಗಕ್ಕೇ ಹೋಗುತ್ತದೆ. ಕೆಗ್‌ಗೆ ಬಾಟಲಿಗಿಂತ ಸಕ್ಕರೆ ಅರ್ಧ ಸಾಕು ಅಂತ ಬಹಳ ಕಡೆ ಹೇಳುತ್ತಾರೆ. ಕಂಠದವರೆಗೆ ತುಂಬಿದ ಕೆಗ್‌ಗೂ ನಾನು ಅಷ್ಟು ಕಡಿಮೆ ಮಾಡುವುದಿಲ್ಲ. ಅರ್ಧ ಖಾಲಿ ಕೆಗ್‌ಗೆ ಆ ಮಾತು ಕೇಳಿದರೆ ಸಪ್ಪೆಯೇ ಗತಿ. ತಗಡಿನ ಕೆಗ್ ಮಾತ್ರ ಬೇರೆ, ಅದರ ತಾಳಿಕೆ ಕಡಿಮೆ. ಅದಕ್ಕೆ ಲೀಟರಿಗೆ 4 ಗ್ರಾಂ ದಾಟುವುದಿಲ್ಲ ನಾನು.

ಕೊನೆಯದಾಗಿ ತಾಳ್ಮೆ. ಕೋಣೆಯಿಂದ ತಂದು ಮೂರು ಗಂಟೆ ಫ್ರಿಜ್ಜಿನಲ್ಲಿಟ್ಟು ಕುಡಿದರೆ, ಮೇಲಿನ ಖಾಲಿ ಜಾಗದ ಗ್ಯಾಸ್ ಇನ್ನೂ ಬಿಯರಿಗೆ ಇಳಿದಿರುವುದಿಲ್ಲ. ಎರಡು ದಿನ ಬಿಡಿ.

ಕೆಗ್ ಉಬ್ಬಿದೆ, ಅಥವಾ ಗೇಜ್ 40 ದಾಟಿದೆ

ಮೊದಲು ಫ್ರಿಜ್ಜಿಗೆ ಹಾಕಿ. ಬೆಚ್ಚಗಿರುವಾಗ ತೆರೆದರೆ ಬಿಯರೆಲ್ಲ ಗೋಡೆಯ ಮೇಲೆ. ಒಂದು ದಿನ ತಣ್ಣಗಾದ ಮೇಲೆ ಮುಖ ದೂರವಿಟ್ಟು ವಾಲ್ವ್ ಎಳೆದು ಬಿಡಿ, ಸದ್ದು ನಿಂತ ಮೇಲೆ ಮುಚ್ಚಿ. ಗಂಟೆಗೊಮ್ಮೆ ಮತ್ತೆ. 11 ಪಿಎಸ್‌ಐಗೆ ಬರಲು ಒಂದೆರಡು ದಿನ ಬೇಕಾಗಬಹುದು. ಕಾರ್ನಿ ಕೆಗ್ ಸ್ಟೀಲಿನದು, ಸಾಮಾನ್ಯವಾಗಿ ಅದರ ಮೇಲೆ 130 ಪಿಎಸ್‌ಐ ಅಂತ ಅಚ್ಚಾಗಿರುತ್ತದೆ. ಅಲ್ಲಿ ಕೆಡುವುದು ಬಿಯರ್, ಕೆಗ್ ಅಲ್ಲ. ಉಬ್ಬಿದ ತಗಡಿನ ಕೆಗ್ಗನ್ನು ಮತ್ತೆ ಬಳಸಬೇಡಿ.

ಕಾರಣ ಹುಡುಕುವುದು ಮತ್ತೆ ಹೈಡ್ರೋಮೀಟರಿನಿಂದಲೇ. ಗ್ರಾವಿಟಿ ಕೆಗ್‌ಗೆ ಹಾಕುವ ಮುಂಚಿನಷ್ಟೇ ಇದ್ದರೆ ಸಕ್ಕರೆ ಜಾಸ್ತಿಯಾಗಿದೆ, ತಕ್ಕಡಿ ನೋಡಿ. ಅದಕ್ಕಿಂತ ಕೆಳಗಿಳಿದಿದ್ದರೆ ಹುದುಗುವುದು ಮುಗಿಯುವ ಮೊದಲೇ ಕೆಗ್‌ಗೆ ಹಾಕಿದ್ದೀರಿ, ಅಥವಾ ಬೇರೆ ಯಾರೋ ಒಳಗೆ ಊಟ ಮಾಡುತ್ತಿದ್ದಾರೆ. ಇಳಿದ ಪ್ರತಿ ಪಾಯಿಂಟಿಗೂ ಅರ್ಧ ವಾಲ್ಯೂಮ್ ಗ್ಯಾಸ್ ಹುಟ್ಟುತ್ತದೆ. 1.010ರಿಂದ 1.006ಕ್ಕೆ ಇಳಿದರೆ ಎರಡು ವಾಲ್ಯೂಮ್ ಹೆಚ್ಚುವರಿ, ಸಕ್ಕರೆಯದು ಬೇರೆ. ಹುಳಿ ಬಂದಿದ್ದರೆ, ಮೇಲೆ ಕೆನೆಯಂಥ ಪೊರೆ ಕಟ್ಟಿದ್ದರೆ ಬ್ಯಾಕ್ಟೀರಿಯಾ ಅಥವಾ ಕಾಡು ಯೀಸ್ಟ್. ಎಲ್ಲ ರಬ್ಬರ್ ರಿಂಗ್‌ಗಳನ್ನು, ಟ್ಯಾಪಿನ ಪೈಪನ್ನು ಬದಲಿಸಿ. ರುಚಿ ಚೆನ್ನಾಗಿದ್ದೂ ಗ್ರಾವಿಟಿ ಇಳಿದಿದ್ದರೆ ಒಣ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಹಾಕಿದ್ದಿರಾ ನೆನಪಿಸಿಕೊಳ್ಳಿ. ಹಾಪ್ಸ್‌ನಲ್ಲಿರುವ ಕಿಣ್ವಗಳು ಯೀಸ್ಟ್ ತಿನ್ನಲಾಗದ ಉದ್ದ ಸಕ್ಕರೆಗಳನ್ನು ಒಡೆದು ತಿನ್ನುವಂತೆ ಮಾಡುತ್ತವೆ. ಸೇಸಾನ್ ಅನ್ನುವ ಬೆಲ್ಜಿಯಂ ಶೈಲಿಯ ಬಿಯರಿನ ಕೆಲವು ಯೀಸ್ಟುಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಇಂಥ ಬಿಯರಿಗೆ ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು ಒಂದೇ ಅಂಕಿ ಬಂದ ಮೇಲೇ ಕೆಗ್.

ಗ್ಲಾಸ್ ತುಂಬ ನೊರೆ, ಕೆಳಗೆ ಸಪ್ಪೆ ಬಿಯರ್

ಇದನ್ನು ನೋಡಿ ಗ್ಯಾಸ್ ಜಾಸ್ತಿಯಾಯಿತು ಅಂತ ಕೆಗ್‌ನಿಂದ ಬಿಟ್ಟವರು ಬಹಳ. ನಾನೂ ಬಿಟ್ಟಿದ್ದೇನೆ. ಗೇಜ್ ನೋಡಿ. ತಣ್ಣಗಿರುವಾಗ 11ರ ಆಸುಪಾಸಿದ್ದರೆ ಬಿಯರ್ ಸರಿಯಾಗಿಯೇ ಇದೆ, ಕೆಡಿಸುತ್ತಿರುವುದು ದಾರಿ. ಒಂದಡಿ ಪೈಪಿನ ತುದಿಗೆ ಟ್ಯಾಪ್ ಹಾಕಿದರೆ ಬಿಯರ್ ನುಗ್ಗಿ ಬಂದು ಗ್ಯಾಸೆಲ್ಲ ನೊರೆಯಾಗಿ ಹಾರುತ್ತದೆ. ಒಳವ್ಯಾಸ 5 ಮಿಲಿಮೀಟರಿನ ಪೈಪು ಮೂರು ಮೀಟರ್ ಇರಲಿ, ಸುರುಳಿ ಸುತ್ತಿ ಫ್ರಿಜ್ಜಿನೊಳಗೇ ಇಡಿ. ಮೊದಲ ಗ್ಲಾಸ್ ಮಾತ್ರ ನೊರೆ, ಆಮೇಲೆ ಸರಿ ಅಂದರೆ ಟ್ಯಾಪ್ ಬೆಚ್ಚಗಿದೆ, ಅಷ್ಟೇ. ಪೈಪಿನಲ್ಲಿ ಗುಳ್ಳೆಗಳು ಸಾಲಾಗಿ ಬರುತ್ತಲೇ ಇದ್ದರೆ ಬಿಯರ್ ಪೋಸ್ಟ್ ಬಿಚ್ಚಿ, ಮೊದಲು ಪ್ರೆಶರ್ ಪೂರ್ತಿ ಬಿಟ್ಟು. ತಳದಿಂದ ಬಿಯರ್ ಮೇಲೆ ತರುವ ಕೊಳವೆಯ (ಡಿಪ್ ಟ್ಯೂಬ್) ಕುತ್ತಿಗೆಯ ಪುಟ್ಟ ರಿಂಗ್ ಹರಿದಿದ್ದರೆ ಮೇಲಿನ ಗ್ಯಾಸ್ ಬಿಯರ್ ಜೊತೆ ನುಸುಳುತ್ತದೆ. ಪಾಪೆಟ್‌ನಲ್ಲಿ ಹಾಪ್ಸ್ ಚೂರು ಸಿಕ್ಕಿರುವುದೂ ಉಂಟು.

ಮೊದಲ ಗ್ಲಾಸಿನಲ್ಲಿ ಮಡ್ಡಿ ಬಂದರೆ ಅದು ದೋಷವಲ್ಲ. ಕೆಗ್ ಒಳಗೇ ಯೀಸ್ಟ್ ಕೆಲಸ ಮಾಡಿದ ಮೇಲೆ ತಳದಲ್ಲಿ ಕೂರಲೇಬೇಕು. ಇನ್ನೂರು ಮಿಲಿ ಚೆಲ್ಲಿ. ಕೆಗ್ಗನ್ನು ಆಮೇಲೆ ಅಲುಗಾಡಿಸಬೇಡಿ.

ಮೊದಲು ಚೆನ್ನಾಗಿತ್ತು, ಅರ್ಧ ಮುಗಿಯುವಷ್ಟರಲ್ಲಿ ಸಪ್ಪೆ

ಯೀಸ್ಟ್ ಕೊಟ್ಟ ಗ್ಯಾಸ್ ಬಿಯರಿಗೆ ಗುಳ್ಳೆ ಕೊಡಲು ಸಾಕು, ಕೆಗ್ ಖಾಲಿ ಮಾಡಲು ಸಾಲದು. ಒಂದೊಂದು ಗ್ಲಾಸ್ ತೆಗೆದಂತೆ ಮೇಲೆ ಖಾಲಿ ಜಾಗ ಬೆಳೆಯುತ್ತದೆ, ಅದನ್ನು ತುಂಬಲು ಬಿಯರಿನಿಂದಲೇ ಗ್ಯಾಸ್ ಎದ್ದು ಹೋಗುತ್ತದೆ. ಹೊರಗಿನಿಂದ ಗ್ಯಾಸ್ ಕೊಡಲೇಬೇಕು. 16 ಗ್ರಾಂ ಕಾರ್ಬನ್ ಡೈಆಕ್ಸೈಡ್ ತುಂಬಿದ ಒಂದು ಚಿಕ್ಕ ಲೋಹದ ಬಲ್ಬಿನಲ್ಲಿ ಸುಮಾರು 8 ಲೀಟರ್ ಗ್ಯಾಸ್ ಇರುತ್ತದೆ, 5 ಲೀಟರಿನ ತಣ್ಣಗಿನ ಕೆಗ್ ಖಾಲಿ ಮಾಡಲು ಹೆಚ್ಚುಕಡಿಮೆ ಒಂದು ಬಲ್ಬ್. ಕೈಪಂಪಿನಿಂದ ಗಾಳಿ ಒತ್ತುವುದಾದರೆ ಅವತ್ತೇ ಮುಗಿಸಿ. ಮಾರನೇ ದಿನಕ್ಕೆ ಬಿಯರ್ ಒದ್ದೆ ರಟ್ಟಿನ ರುಚಿಗೆ ತಿರುಗಲು ಶುರುವಾಗುತ್ತದೆ, ಅದಕ್ಕೆ ಯಾವ ಗೇಜೂ ಯಾವ ರಿಂಗೂ ಪರಿಹಾರವಲ್ಲ.